ಇಜಾಜತ್ ಕೇಳುತ್ತಿದ್ದ ಸಾಹೇಬರು

"ಇಜಾಜತ್?"

ಈ ಒಂದು ಮಾತು ಕೇಳದೆ ಸಾಹೇಬರು ನಮ್ಮ ಕೋಣೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಚಹಾಕ್ಕೆ ಹೋಗುವಾಗಲೂ ಅಷ್ಟೆ, ಸಂಜೆ ತಮ್ಮೂರು ವಾಡಿಗೆ ಗಾಡಿ ಹಿಡಿಯಲು ಹೊರಟಾಗಲೂ ಅಷ್ಟೆ. ಎಡಗೈಯಲ್ಲಿ ಟಿಫಿನ್ ಚೀಲ, ಬಲಗೈ ಎದೆಯ ಹತ್ತಿರ, ತಲೆ ತುಸು ಬಾಗಿ. ಕೋಣೆಯಲ್ಲಿ ಯಾರಾದರೊಬ್ಬರು "ಹೋಗಿ ಬರ್ರಿ" ಅನ್ನುವವರೆಗೆ ಅಲ್ಲೇ ನಿಂತಿರುತ್ತಿದ್ದರು. ನಮ್ಮ ಮನೆಗಳಲ್ಲಿ ಹೊರಡುವವರು "ಬರ್ತೀನಿ" ಅನ್ನುತ್ತಾರೆ. ಬಾಯಿತಪ್ಪಿ "ಹೋಗ್ತೀನಿ" ಅಂದರೆ ನಮ್ಮವ್ವ ಬೈಯುತ್ತಾಳೆ. ಅವರ ಮನೆಯ ರೂಢಿ ಬೇರೆ. ಕೂತವರ ಒಪ್ಪಿಗೆ ಕೇಳಿ, ಅವರು ಹೂಂ ಅಂದ ಮೇಲೆ ಏಳಬೇಕು.

ನನಗೆ ಇದೆಲ್ಲ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಸಂಜೆ ಅವರು ಬಾಗಿಲಲ್ಲಿ ನಿಂತು "ಇಜಾಜತ್?" ಅಂದಾಗ, ಯಾವುದೋ ವೈರೋ ಸ್ಕ್ರೂಡ್ರೈವರೋ ಕೇಳುತ್ತಿದ್ದಾರೆ ಅಂದುಕೊಂಡೆ. ಮೇಜಿನ ಖಾನೆಯನ್ನೆಲ್ಲ ತಡಕಾಡಿ, "ಇಲ್ರಿ ಸಾಹೇಬ್ರ, ನನ್ನ ಹತ್ರ ಇಲ್ಲ" ಅಂದೆ. ಅವರು ಗಂಭೀರವಾಗಿ ನನ್ನನ್ನು ನೋಡಿದರು. "ಇಲ್ಲೇನು? ಹಂಗಾರ ಕುಂದರ್ತೀನಿ" ಅಂದವರೇ ಟಿಫಿನ್ ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು. ಗಾಡಿ ಹೋಯಿತು. ಮುಂದಿನ ಗಾಡಿಯ ಹೊತ್ತಾಗುವವರೆಗೆ ಆ ಪದದ ಅರ್ಥವೇನು, ಚಿಕ್ಕವರಿದ್ದಾಗ ಅದನ್ನು ಕೇಳದೆ ಎದ್ದರೆ ಅವರ ಅಮ್ಮಿ ಹೇಗೆ ಕಿವಿ ಹಿಂಡುತ್ತಿದ್ದಳು, ಎಲ್ಲ ಹೇಳಿದರು. ಒಂದು ತಮಾಷೆಗಾಗಿ ಗಾಡಿ ತಪ್ಪಿಸಿಕೊಳ್ಳುವ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಮರುದಿನದಿಂದ ಅದು ನಮ್ಮಿಬ್ಬರ ಆಟವಾಯಿತು. ಅವರು ಕೇಳುವುದು, ನಾನು "ಕೊಡಂಗಿಲ್ರಿ, ಕುಂದ್ರಿ" ಅನ್ನುವುದು, ಅವರು ಗೋಡೆಯ ಗಡಿಯಾರ ನೋಡಿ ಬಡಪಾಯಿ ಮುಖ ಮಾಡುವುದು, ಕೊನೆಗೆ ನಾನು "ಆಯ್ತು, ಹೋಗಿ ಬರ್ರಿ" ಅನ್ನುವುದು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಅವರನ್ನು ಕೇಳಿರಲಿಲ್ಲ, ಇನ್ನು ಕೇಳುವ ಹಾಗೂ ಇಲ್ಲ. ಶಹಾಬಾದಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ಅವರೊಬ್ಬರೇ ಇದ್ದರು. ಆಮೇಲೆ ಅವರ ಕೈಕೆಳಗೆ ನಾನು ಸೇರಿಕೊಂಡೆ. ಡಾಕ್ಟರರಿಂದ ಹಿಡಿದು ಕಸ ಹೊಡೆಯುವ ನಾಗಮ್ಮನವರೆಗೆ ಎಲ್ಲರಿಗೂ ಅವರು ಸಾಹೇಬ್ರು. ನನ್ನನ್ನು ಅವರು ಬೇಟಾ ಅನ್ನುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಮೇಡಂ.

ಸಿಟ್ಟು ಬರುತ್ತಿತ್ತು. ಸಾಧು ಮನುಷ್ಯರು ಎಂದು ಯಾರೂ ತಿಳಿಯಬೇಡಿ. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು, ಅದೂ ಮೊರದಲ್ಲಿ ಜೋಳದ ಹರಳು ಆರಿಸಿದ ಹಾಗೆ ಒಂದೊಂದೇ ಅಕ್ಷರ. ಪಕ್ಕದಲ್ಲಿ ಕೂತು ನಾನು ಚಡಪಡಿಸಿದರೆ "ಯಾಕ, ಗಾಡಿ ಬಿಡ್ಲಿಕತ್ತದೇನು ಮೇಡಂ?" ಅನ್ನುತ್ತಿದ್ದರು. ಫೋನ್ ಎಂದರೆ ಆಗುತ್ತಿರಲಿಲ್ಲ. ಯಾರಾದರೂ ವಾರ್ಡಿನಿಂದ ಫೋನ್ ಮಾಡಿ "ಕಂಪ್ಯೂಟರ್ ಕೆಟ್ಟದ" ಅಂದರೆ, "ಕಂಪ್ಯೂಟರ್ ಕೆಟ್ಟಿಲ್ಲ, ನೀವು ಏನು ಮಾಡೀರಿ ಅದು ಹೇಳ್ರಿ" ಎಂದು ಇಟ್ಟುಬಿಡುತ್ತಿದ್ದರು. ಇಟ್ಟ ಮೇಲೆ ತಾವೇ ಎದ್ದು ಆ ವಾರ್ಡಿಗೆ ಹೋಗುತ್ತಿದ್ದರು, ಅದು ಬೇರೆ ಮಾತು. ಊಟಕ್ಕೆ ಕೂತರೆ ನಮ್ಮವ್ವ ತೆಂಗಳಿಯಿಂದ ಕಳಿಸಿದ ಶೇಂಗಾ ಹಿಂಡಿಗೆ, ಅದೇ ಚಟ್ನಿಪುಡಿಗೆ, ಉಪ್ಪು ಭಾಳ ಆಗಿದೆ ಎಂದು ದಿನಾ ತಕರಾರು. ತಕರಾರು ಮಾಡುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದರು, ತಮ್ಮ ಪುಂಡಿಪಲ್ಯವನ್ನು ನನ್ನ ಕಡೆ ನೂಕುತ್ತಿದ್ದರು.

ಕನ್ನಡಕ ಭಾಳ ದಪ್ಪ. ಅದಿಲ್ಲದಿದ್ದರೆ ಎದುರಿಗಿರುವುದು ಮನುಷ್ಯರೋ ಕಪಾಟೋ ಅವರಿಗೆ ತಿಳಿಯುತ್ತಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಒಮ್ಮೆ ಮುಖ ತೊಳೆದು ಕನ್ನಡಕ ಹಾಕದೆ ಒಳಗೆ ಬಂದವರು ಮೂಲೆಯ ಕಬ್ಬಿಣದ ಕಪಾಟಿಗೆ "ಚಹಾ ಆಯ್ತೇನು ಬೇಟಾ?" ಎಂದು ಕೇಳಿದ್ದರು. ನಾನು ಇನ್ನೊಂದು ಮೂಲೆಯಿಂದ "ಆಯ್ತ್ರಿ" ಅಂದೆ. ಕಪಾಟು ನಿನಗಿಂತ ಮರ್ಯಾದಸ್ಥ, ನಡುವೆ ಬಾಯಿ ಹಾಕುವುದಿಲ್ಲ ಎಂದು ನನ್ನನ್ನೇ ಬೈದರು.

ಆಸ್ಪತ್ರೆಯ ಎಲ್ಲ ದಾಖಲೆ ಇದ್ದ ಸರ್ವರ್ ಮಷೀನನ್ನು ಅವರು ನೆಲಕ್ಕೆ ಹಾಸುವ ಒಂದು ಫರಸಿ ಕಲ್ಲಿನ ಮೇಲೆ ಇಟ್ಟಿದ್ದರು. ಊರ ತುಂಬ ಕಲ್ಲಿರುವಾಗ ನಮ್ಮ ಮಷೀನ್ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಯಾಕೆ ಕೂಡಬೇಕು ಎಂಬುದು ಅವರ ವಾದ. ಪಾಲಿಶ್ ಕಾರ್ಖಾನೆಯ ಗೆಳೆಯರೊಬ್ಬರಿಂದ ಅಂಚು ಮುರಿದ ಕಲ್ಲು ತರಿಸಿ, ತಾವೇ ನೀರು ಹಾಕಿ ತಿಕ್ಕಿ ತೊಳೆದಿದ್ದರು. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಅಂಗೈ ಇಟ್ಟು, "ನಮಗಿಂತ ಇದು ತಂಪಾಗಿ ಅದ ನೋಡು" ಅನ್ನುತ್ತಿದ್ದರು.

ಆ ಮಷೀನಿನ ಕಪ್ಪು ಪರದೆಯ ಮುಂದೆ ಕೂರಿಸಿ ಅವರು ನನಗೆ ಮೊದಲು ಕಲಿಸಿದ್ದೂ ಇಜಾಜತ್ತೇ. ಕಡತಗಳ ಪಟ್ಟಿ ತೆಗೆದರೆ ಪ್ರತಿ ಕಡತದ ಮುಂದೆ ಪುಟ್ಟ ಅಕ್ಷರಗಳ ಒಂದು ಸಾಲು ಬರುತ್ತದೆ. ನಾನು ಅದನ್ನು ಕಸ ಎಂದು ತಿಳಿದು ಕಣ್ಣು ಮುಂದೆ ಓಡಿಸಿದ್ದೆ. ಅವರು ಬೆರಳಿಟ್ಟು ನಿಲ್ಲಿಸಿದರು.

"ಇದೇ ಅದ ನೋಡು ಎಲ್ಲಾ. ಒಂದು ನೋಡಲಿಕ್ಕಿ, ಒಂದು ತಿದ್ದಲಿಕ್ಕಿ, ಒಂದು ನಡಸಲಿಕ್ಕಿ. ಮೂರು ಇಜಾಜತ್. ಯಾರಿಗೆ? ಮೊದಲು ಯಜಮಾನಗ, ಆಮ್ಯಾಲ ಅವನ ಮನಿಮಂದಿಗೆ, ಕಡೀಕ ಊರಮಂದಿಗೆ. ಇಷ್ಟು ತಿಳದ್ರ ಅರ್ಧಾ ನೌಕರಿ ಕಲ್ತಂಗ."

"ಮತ್ತ ನೀವು ಯಾರ್ರಿ ಇದ್ರಾಗ? ಯಜಮಾನ, ಮನಿಮಂದಿ, ಊರಮಂದಿ?"

"ನಾನು ಚಾವಿ ಇಟ್ಕೊಂಡಾಂವ. ನನಗ ಯಾವ ಬೀಗಾನೂ ಇಲ್ಲ. ಅದಕ್ಕ ನಾನು ಬೀಗ ನೋಡ್ತೀನಿ, ಟ್ರಂಕ್ ನೋಡಂಗಿಲ್ಲ."

ಇದನ್ನು ಅವರು ಬರೀ ಮಾತಿಗೆ ಹೇಳಲಿಲ್ಲ. ನಮ್ಮ ಮ್ಯಾನೇಜರ್ ಒಮ್ಮೆ ಬಂದು, ಒಬ್ಬ ನರ್ಸ್ ರಜೆ ಹಾಕಿ ತನ್ನ ಯಾವ ತಪಾಸಣೆ ಮಾಡಿಸಿಕೊಂಡಳು ಸ್ವಲ್ಪ ನೋಡ್ರಿ ಎಂದು ಮೆಲ್ಲಗೆ ಕೇಳಿದರು. ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿ, "ಆಕಿನ್ನ ಕರೀಲೇನ್ರಿ? ಆಕಿ ಇಜಾಜತ್ ಕೊಟ್ರ ಈಗೇ ನೋಡ್ತೀನಿ" ಅಂದರು. ಮ್ಯಾನೇಜರ್ ಹವಾಮಾನದ ಮಾತು ತೆಗೆದು ಹೊರಟುಹೋದರು.

ಇನ್ನು ನನ್ನ ಸಂಗತಿ ಹೇಳಬೇಕು. ಅದಿಲ್ಲದೆ ಸಾಹೇಬರು ನನಗೆ ಏನು ಮಾಡಿದರು ಎಂಬುದು ತಿಳಿಯುವುದಿಲ್ಲ.

ಈ ಕೆಲಸಕ್ಕೆ ಸೇರುವ ಮೊದಲು ನನಗೆ ಕ್ಷಯ ಆಗಿತ್ತು. ಇದೇ ಆಸ್ಪತ್ರೆಯಲ್ಲಿ ಗುಳಿಗೆ ತೆಗೆದುಕೊಂಡೆ, ಒಂದೂ ತಪ್ಪಿಸದೆ ಮುಗಿಸಿದೆ, ವಾಸಿಯಾಯಿತು. ಕ್ಷಯ ವಿಭಾಗದ ಸಿಸ್ಟರ್, ಐನಾಪುರದವಳು, ಕೊನೆಯ ತಪಾಸಣೆಯ ದಿನ ನನಗೆ ಪೇಢೆ ತಿನ್ನಿಸಿದ್ದಳು. ಮನೆಯಲ್ಲಿ ಮಾತ್ರ ಆ ರೋಗದ ಹೆಸರು ಎತ್ತುವ ಹಾಗಿರಲಿಲ್ಲ. ಕಾಲು ಮುರಿದವಳಿಗೆ ಗಂಡು ಸಿಕ್ಕಾನು, ಕೆಮ್ಮಿದವಳಿಗೆ ಸಿಗುವುದಿಲ್ಲ ಎಂದು ನಮ್ಮವ್ವ ಅಳುತ್ತಿದ್ದಳು. ಆಗ ಚಿತ್ತಾಪುರದ ಒಂದು ಸಂಬಂಧ ಬಂತು. ಹುಡುಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನೋಡಿ ಹೋದರು, ಒಪ್ಪಿದರು, ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ನನಗೂ ಹುಡುಗ ಹಿಡಿಸಿದ್ದ. ಹಿಡಿಸಿದ್ದರಿಂದಲೇ ಮುಚ್ಚಿಟ್ಟು ಮದುವೆಯಾಗಲು ಮನಸ್ಸಿರಲಿಲ್ಲ. ನಿಶ್ಚಿತಾರ್ಥಕ್ಕೆ ಮೊದಲು ಹೇಳಬೇಕು, ನನ್ನ ಬಾಯಿಂದಲೇ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಎಲ್ಲಿಂದ ಶುರು ಮಾಡಬೇಕು ಎಂಬುದೊಂದೇ ತಿಳಿಯುತ್ತಿರಲಿಲ್ಲ.

ಇದರ ನಡುವೆ ಶರಣಪ್ಪ. ನಮ್ಮ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂಡುವ ಶರಣಪ್ಪ ಹುಡುಗನ ಕಾಕನ ಮಗ. ಈ ಸಂಬಂಧ ತಂದವನೂ ಅವನೇ. ಕೆಟ್ಟವನಲ್ಲ, ಪಾಪ, ಕರೆದವರಿಗೆಲ್ಲ ಓಡಿಬರುತ್ತಿದ್ದ. ಬಾಯಲ್ಲಿ ಮಾತ್ರ ಏನೂ ನಿಲ್ಲುತ್ತಿರಲಿಲ್ಲ. ದಂಡೋತಿಯಲ್ಲಿ ಯಾರ ಎಮ್ಮೆ ಈಯಿತು ಎಂಬುದು ಶಹಾಬಾದಿನಲ್ಲಿ ಕೂತ ನಮಗೆ ಅವನಿಂದಲೇ ಗೊತ್ತಾಗುತ್ತಿತ್ತು. ಕ್ಷಯದ ಗುಳಿಗೆಗೆ ಬಿಲ್ ಇಲ್ಲ, ಹಾಗಾಗಿ ನನ್ನ ಕಾಯಿಲೆ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳುವ ಮೊದಲು ಅವನಿಗೆ ತಿಳಿದರೆ ಆ ಸುದ್ದಿ ಚಿತ್ತಾಪುರ ಮುಟ್ಟಲು ಒಂದು ಫೋನ್ ಸಾಕು. ಆಮೇಲೆ ಹಿರಿಯರು ಕೂಡುತ್ತಾರೆ, ಮಾತು ಮುರಿಯುತ್ತದೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಆ ರಿಪೋರ್ಟುಗಳೆಲ್ಲ ಸರ್ವರಿನಲ್ಲಿ ಕ್ಷಯ ವಿಭಾಗದ ಫೋಲ್ಡರಿನಲ್ಲಿದ್ದವು. ಯಾವ ಕಾಲದಲ್ಲೋ ಯಾರೋ ಮಾಡಿದ ಪದ್ಧತಿಯಂತೆ ಪ್ರತಿ ಕಡತಕ್ಕೂ ರೋಗಿಯ ಹೆಸರನ್ನೇ ಇಟ್ಟಿದ್ದರು. ಅದನ್ನು ತೆರೆಯುವ ಇಜಾಜತ್ ಐನಾಪುರದ ಸಿಸ್ಟರಿನ ಲಾಗಿನ್‌ಗೆ ಮಾತ್ರ. ನನಗೂ ಇರಲಿಲ್ಲ, ಶರಣಪ್ಪನಿಗಂತೂ ಇರಲೇ ಇಲ್ಲ.

ಹಳೆಯ ಮಷೀನ್ ನರಳುತ್ತಿತ್ತು, ಹೊಸದು ಬಂತು. ಆಗ ಸಾಹೇಬರು ಮಗಳ ಹೆರಿಗೆಗೆಂದು ಸೇಡಂಗೆ ಹೋಗಿದ್ದರು. ಬಂದ ಮೇಲೆ ಮಾಡೋಣ ಎಂದರೆ ಮ್ಯಾನೇಜರಿಗೆ ತಡೆಯಲಾಗಲಿಲ್ಲ. ಹೊಸ ಮಷೀನ್ ತಂದ ಕಂಪನಿಯ ಮನುಷ್ಯನೇ ಹಳೆಯದರ ಫೋಲ್ಡರುಗಳನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡು, ಅಲ್ಲಿ ಜಿಪ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಹೊಸದರಲ್ಲಿ ಬಿಚ್ಚಿಟ್ಟ. ಎಲ್ಲ ಕಡತ ಬಂದಿವೆ ನೋಡಿಕೊಳ್ಳಿ ಎಂದು ತೋರಿಸಿದ. ಬಂದಿದ್ದವು, ಸುಳ್ಳಲ್ಲ. ಅವನು ಊರು ಬಿಟ್ಟ.

ಮರುದಿನ ಬೆಳಿಗ್ಗೆ ಲ್ಯಾಬಿನ ರಿಪೋರ್ಟ್ ಪ್ರಿಂಟ್ ಆಗಲಿಲ್ಲ. ಔಷಧಿ ಅಂಗಡಿಯ ಪರದೆ ತೆರೆಯಲಿಲ್ಲ. ಏನು ಒತ್ತಿದರೂ ಒಂದೇ ಉತ್ತರ, ಪರ್ಮಿಶನ್ ಡಿನೈಡ್. ಹೊರಗೆ ರೋಗಿಗಳು ತುಂಬಿದರು, ಅವರ ಕಡೆಯವರು ಕೌಂಟರಿನ ಗಾಜು ಬಡಿಯತೊಡಗಿದರು. ನಾನು ಸಾಹೇಬರಿಗೆ ಫೋನ್ ಮಾಡಿದೆ. ಎಂದಿನಂತೆ ಪೂರ್ತಿ ಕೇಳಲಿಲ್ಲ. "ಯಾರೂ ಏನೂ ಮುಟ್ಟಬ್ಯಾಡ್ರಿ. ಗಾಡಿ ಹತ್ತಲಿಕತ್ತೀನಿ" ಅಂದು ಇಟ್ಟರು.

ಅಷ್ಟರಲ್ಲಿ ಶರಣಪ್ಪ ಮೊಬೈಲ್ ಹಿಡಿದುಕೊಂಡು ಒಳಗೆ ಬಂದ. ಯಾವುದೋ ವಿಡಿಯೋ ನೋಡಿದ್ದ. "ಅಕ್ಕಾ, ಭಾಳ ಸುಲಭ ಅದ. ಎಲ್ಲಾದಕ್ಕೂ ಮೂರು ಏಳು ಹೊಡದುಬಿಡ್ರಿ, ಎಲ್ಲಾ ತೆರೀತದ." ಅವನ ಹಿಂದೆಯೇ ಮ್ಯಾನೇಜರ್, ಕಂಪನಿಯವನು ಬಿಟ್ಟುಹೋದ ಪಾಸ್‌ವರ್ಡಿನ ಚೀಟಿ ಹಿಡಿದು ಬಂದರು. "ಹೊಡೀರಿ. ಮೊದಲು ಚಾಲೂ ಆಗ್ಲಿ."

ಮೂರು ಏಳು ಅಂದರೆ ಏನೆಂದು ನನಗೆ ಗೊತ್ತಿತ್ತು. ಒಂದು ಏಳು ಅಂದರೆ ನೋಡುವುದು, ತಿದ್ದುವುದು, ನಡೆಸುವುದು ಮೂರೂ ಇಜಾಜತ್; ಮೂರು ಏಳು ಅಂದರೆ ಅದು ಯಜಮಾನನಿಗೂ ಮನೆಮಂದಿಗೂ ಊರಮಂದಿಗೂ. ಆಸ್ಪತ್ರೆ ನಿಜವಾಗಿ ಚಾಲೂ ಆಗುತ್ತಿತ್ತು. ಕ್ಷಯ ವಿಭಾಗದ ಫೋಲ್ಡರೂ ಎಲ್ಲ ಕೌಂಟರಿಗೂ ತೆರೆದುಕೊಳ್ಳುತ್ತಿತ್ತು, ಅದರಲ್ಲಿ ನನ್ನ ಹೆಸರಿನ ಕಡತ. "ಸಾಹೇಬ್ರು ಬರ್ಲಿಕತ್ತಾರ್ರಿ, ಬರ್ಲಿ" ಅಂದೆ. ಮ್ಯಾನೇಜರ್ ಧ್ವನಿ ಏರಿಸಿದರು. ಇಷ್ಟು ಸಣ್ಣ ಕೆಲಸ ಬರದಿದ್ದರೆ ನಿಮ್ಮನ್ನು ಯಾಕೆ ಇಟ್ಟುಕೊಂಡಿದ್ದೇವೆ ಎಂದರು. ನಾನು ಕುರ್ಚಿ ಬಿಡದೆ ಅಲ್ಲೇ ಕೂತೆ. ಎದ್ದಿದ್ದರೆ ಶರಣಪ್ಪ ಕೂಡುತ್ತಿದ್ದ.

ಸಾಹೇಬರು ಸೇಡಂನಿಂದ ವಾಡಿಗೆ, ವಾಡಿಯಿಂದ ಶಹಾಬಾದಿಗೆ ಗಾಡಿ ಬದಲಿಸಿ ಬಂದು ಮುಟ್ಟಿದಾಗ ಅಂಗಿಯೆಲ್ಲ ಬೆವರು. ಕೈಯಲ್ಲಿ ಮೊಮ್ಮಗು ಹುಟ್ಟಿದ ಸಂತೋಷದ ಪೇಢೆ ಡಬ್ಬಿ. ಅದನ್ನು ಮೇಜಿನ ಮೇಲಿಟ್ಟು ನಿಂತೇ ಕೇಳಿದರು.

"ಮೂರು ಏಳು ಅಂದ್ರ ಏನು ಗೊತ್ತೇನು ಶರಣಪ್ಪ? ಆಸ್ಪತ್ರಿ ಬಾಗಿಲಾ ಎಲ್ಲಾ ಕಿತ್ತಿ ಒಲಿಗೆ ಹಾಕದಂಗ."

ಶರಣಪ್ಪನಿಗೆ ಬೇಸರವಾಯಿತು. "ಎಲ್ಲಾ ನಮ್ಮ ಮಂದಿನೇ ಅಲ್ರಿ ಸಾಹೇಬ್ರ? ಯಾರು ನೋಡಿದ್ರ ಏನಾತು? ಬರ್ರಿ ಕುಂದ್ರಿ ಅನ್ನೋ ಊರು ನಮ್ದು."

"ಬರ್ರಿ ಕುಂದ್ರಿ ಅಂತ ಪಡಸಾಲ್ಯಾಗ ಅಂತೀವಿ ತಮ್ಮಾ. ಒಳಗಿನ ಕ್ವಾಣಿ ತೋರಸ್ತೀವೇನು?"

ಶರಣಪ್ಪ ತನ್ನ ಕೌಂಟರಿಗೆ ಹೊರಟ. ಮ್ಯಾನೇಜರ್ ಮಾತ್ರ, ಹೊರಗೆ ಗಲಾಟೆ ಆದರೆ ತನ್ನ ಮೇಲೆ ಬರುತ್ತದೆ ಎಂದರು. "ನನ್ನ ಹೆಸರು ಹೇಳ್ರಿ. ಸಂಜಿ ತನಕ ಲ್ಯಾಬಿನವ್ರು ಕೈಲೆ ಬರದು ಕೊಡ್ಲಿ" ಎಂದು ಸಾಹೇಬರು ಕೂತರು. ಮ್ಯಾನೇಜರ್ ಗೊಣಗುತ್ತ ಹೋದರು, ಹೋಗುವಾಗ ಒಂದು ಪೇಢೆ ತೆಗೆದುಕೊಂಡರು.

ಹೊಸ ಮಷೀನಿನ ಪಟ್ಟಿ ತೆರೆದು ಅವರು ನನಗೆ ತೋರಿಸಿದರು. ಪ್ರೋಗ್ರಾಮುಗಳಂಥ ನಡೆಸಬೇಕಾದ ಕಡತಗಳಿಗೆ ನಡೆಸುವ ಇಜಾಜತ್ತೇ ಇಲ್ಲ, ಹೀಗಾಗಿ ಪ್ರಿಂಟೂ ಇಲ್ಲ, ಔಷಧಿಯೂ ಇಲ್ಲ. ಎಲ್ಲದಕ್ಕೂ ಯಜಮಾನ ಒಬ್ಬನೇ, ಬಿಚ್ಚಿಟ್ಟು ಹೋದ ಕಂಪನಿಯವನು. ಅವನ ಲಾಗಿನ್ ಬಿಟ್ಟು ಬೇರೆ ಯಾರು ಮುಟ್ಟಿದರೂ ಇಲ್ಲ ಎನ್ನುತ್ತಿತ್ತು.

"ಸಾಮಾನು ಬಂದಾವ ಬೇಟಾ, ಇಜಾಜತ್ ಬಂದಿಲ್ಲ. ಅವನ ಲ್ಯಾಪ್‌ಟಾಪಿಗೆ ನಮ್ಮ ಇಜಾಜತ್ ತಿಳಿಯಂಗಿಲ್ಲ, ಪೆನ್‌ಡ್ರೈವಿಗೂ ತಿಳಿಯಂಗಿಲ್ಲ. ಹಾದ್ಯಾಗೇ ಉದುರಿ ಹೋಗ್ಯಾವ."

"ಮತ್ತ ಹ್ಯಾಂಗ್ರಿ? ನಮ್ಮ ಹತ್ರ ಇರೋದು ಅದೇ ಪೆನ್‌ಡ್ರೈವ್."

"ಇರಲಿ ಬಿಡು. ಹಳೀ ಮಷೀನಿನ್ಯಾಗೇ ಗಂಟು ಕಟ್ಟೂಣು, ಟಾರ್ ಮಾಡೂಣು. ಗಂಟು ಬಿಚ್ಚಲಾರದೆ ಹಂಗೇ ತರೂಣು. ಗಂಟು ಹೊರಾಂವಗ ಒಳಗೇನದ ತಿಳಿಬೇಕಂತಿಲ್ಲ. ಇಲ್ಲಿ ಬಂದ ಮ್ಯಾಲ ಚಾವಿ ಇದ್ದಾಂವನೇ ಬಿಚ್ಚಬೇಕು, ಇಜಾಜತ್ ಸಹಿತ ಬಿಚ್ಚು ಅಂತ ಹೇಳಿ ಬಿಚ್ಚಬೇಕು. ಇಲ್ಲಾಂದ್ರ ಬಿಚ್ಚಿದಾಂವನೇ ಮತ್ತ ಯಜಮಾನ ಆಗ್ತಾನ."

ಫರಸಿ ಕಲ್ಲಿನ ಮೇಲಿನ ಹಳೆಯ ಮಷೀನನ್ನು ಮತ್ತೆ ಎಬ್ಬಿಸಿದೆವು. ಅದು ಏಳುವುದಿಲ್ಲವೇನೋ ಎಂದು ನನಗೆ ಹೆದರಿಕೆಯಿತ್ತು. ಸಾಹೇಬರು ಅದರ ನೆತ್ತಿ ಸವರಿ "ಇದೊಂದು ಸಲ, ಅಪ್ಪಾ" ಅಂದರು. ನರಳುತ್ತಲೇ ಗಂಟು ಕಟ್ಟಿಕೊಟ್ಟಿತು. ಎರಡೇ ಬೆರಳಲ್ಲಿ, ನಿಧಾನಕ್ಕೆ, ಪ್ರತಿ ಅಕ್ಷರವನ್ನೂ ಎರಡು ಸಲ ಓದಿ, ಸಾಹೇಬರು ಅದನ್ನು ಹೊಸದರಲ್ಲಿ ಬಿಚ್ಚಿದರು. ಅವತ್ತು ಅವರ ನಿಧಾನ ನನಗೆ ಬೇಸರ ತರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಲ್ಯಾಬಿನಿಂದ "ಬಂತ್ರಿ" ಎಂದು ಕೂಗು. ಔಷಧಿ ಅಂಗಡಿಯೂ ತೆರೆಯಿತು. ಶರಣಪ್ಪ ತನ್ನ ಕೌಂಟರಿನಿಂದಲೇ ಚಪ್ಪಾಳೆ ತಟ್ಟಿದ. ಎಲ್ಲ ಮುಗಿಯಿತು ಎಂದು ನಾನು ಚಹಾ ತರಲು ಎದ್ದೆ. ಸಾಹೇಬರು ಏಳಲಿಲ್ಲ. ಒಂದೊಂದೇ ಫೋಲ್ಡರಿನ ಪಟ್ಟಿ ತೆಗೆದು ಬೆರಳಿಟ್ಟು ನೋಡುತ್ತಲೇ ಇದ್ದರು. ಕ್ಷಯ ವಿಭಾಗದ ಫೋಲ್ಡರಿಗೆ ಬಂದಾಗ ಬೆರಳು ನಿಂತಿತು.

ಯಜಮಾನನ ಜಾಗದಲ್ಲಿ ಬಿಲ್ಲಿಂಗ್ ಕೌಂಟರಿನ ಹೆಸರಿತ್ತು.

ಇದು ಹೇಗಾಯಿತೆಂದು ಸಾಹೇಬರು ಬಿಡಿಸಿ ಹೇಳಿದರು. ಮಷೀನಿಗೆ ಒಳಗೊಳಗೆ ಮನುಷ್ಯರೆಲ್ಲ ಒಂದೊಂದು ನಂಬರ್. ಗಂಟಿನಲ್ಲಿ ಯಜಮಾನನ ಹೆಸರೂ ಇರುತ್ತದೆ, ನಂಬರೂ ಇರುತ್ತದೆ. ಬಿಚ್ಚುವಾಗ ಆ ಹೆಸರಿನವರು ಇಲ್ಲಿ ಇದ್ದಾರೆಯೇ ಎಂದು ಅದು ಮೊದಲು ಹುಡುಕುತ್ತದೆ. ಇಲ್ಲದಿದ್ದರೆ ನಂಬರ್ ಹಿಡಿದು ಹೋಗುತ್ತದೆ. ಕಂಪನಿಯವನು ಹೊಸ ಮಷೀನಿನಲ್ಲಿ ಕ್ಷಯ ವಿಭಾಗಕ್ಕೆ ಲಾಗಿನ್ ಮಾಡುವುದನ್ನೇ ಮರೆತಿದ್ದ. ಹಳೆಯದರಲ್ಲಿ ಸಿಸ್ಟರಿಗೆ ಇದ್ದ ನಂಬರನ್ನು ಇಲ್ಲಿ ಬಿಲ್ಲಿಂಗಿಗೆ ಕೊಟ್ಟಿದ್ದ. ಅಂದರೆ ಇಷ್ಟೆಲ್ಲ ಜೋಪಾನ ಮಾಡಿ ಕಟ್ಟಿ ತಂದ ಗಂಟು, ಬೀಗ ಸಮೇತ, ನೇರ ಶರಣಪ್ಪನ ಕೈಗೆ ಹೋಗಿ ಕೂತಿತ್ತು. ಗೋಡೆಯ ಆಚೆ ಅವನು ಯಾರಿಗೋ ಬಿಲ್ ಕೊಡುತ್ತ ನಗುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ, ಕೈತಪ್ಪಿ ಅಲ್ಲಿ ಒಂದು ಸಲ ಒತ್ತಿದ್ದರೆ ಗೊತ್ತಾಗುತ್ತಿತ್ತು.

ಸಾಹೇಬರು ಕ್ಷಯ ವಿಭಾಗಕ್ಕೆ ಹೊಸ ಲಾಗಿನ್, ಹೊಸ ನಂಬರ್ ಮಾಡಿದರು. ಫೋಲ್ಡರನ್ನೂ ಅದರೊಳಗಿನದನ್ನೆಲ್ಲವನ್ನೂ ಅದರ ಹೆಸರಿಗೆ ತಿರುಗಿಸಿದರು. ಆದರೆ ತಿರುಗಿತೋ ಇಲ್ಲವೋ ನೋಡಬೇಕಲ್ಲ. ಒಳಗಿನ ಪಟ್ಟಿ ತೆಗೆಯಲೇಬೇಕು. ತೆಗೆದರೆ ಪ್ರತಿ ಸಾಲಿನ ಕೊನೆಗೆ ಒಬ್ಬೊಬ್ಬರ ಹೆಸರು. ಪಕ್ಕದ ಕುರ್ಚಿಯಲ್ಲೇ ನಾನು ಕೂತಿದ್ದೆ.

ಅವರು ಆಜ್ಞೆ ಟೈಪ್ ಮಾಡಿದರು. ಒತ್ತುವ ಮುನ್ನ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒರೆಸುತ್ತಲೇ ಬೆರಳಿನಿಂದ ತಡವರಿಸಿ ಗುಂಡಿ ಒತ್ತಿದರು. ಹೆಸರುಗಳು ಪರದೆಯ ತುಂಬ ಬಂದು ನಿಂತವು. ನನ್ನದೂ ಬಂತು, ನಟ್ಟನಡುವೆ.

"ಬೇಟಾ, ನನ್ನ ಕನ್ನಡಕ ಮಬ್ಬಾಗ್ಯಾದ. ನೀನೇ ನೋಡು. ಎಲ್ಲಾ ಸಾಲಿಗೂ ಯಜಮಾನ ಕ್ಷಯ ವಿಭಾಗ ಬಂದದೇನು?"

"ಬಂದದ್ರಿ."

"ಊರಮಂದಿಗೆ?"

"ಏನೂ ಇಲ್ರಿ."

"ಒಂದೂ ಬಿಟ್ಟಿಲ್ಲಲಾ?"

"ಇಲ್ರಿ ಸಾಹೇಬ್ರ."

"ಹಂಗಾರ ಪರದೆ ಒರಸು."

ನಾನು ಪರದೆ ಖಾಲಿ ಮಾಡಿದ ಮೇಲೆ ಅವರು ಕನ್ನಡಕ ಹಾಕಿಕೊಂಡರು. ಆಮೇಲೆ ಶರಣಪ್ಪನನ್ನು ಕರೆದು ಅವನ ಲಾಗಿನ್ನಿನಿಂದಲೇ ಆ ಫೋಲ್ಡರ್ ತೆರೆಯಲು ಹೇಳಿದರು. ಅವನು ಒತ್ತಿದ, ಮತ್ತೊಮ್ಮೆ ಒತ್ತಿದ, ಮುಖ ಸಣ್ಣ ಮಾಡಿಕೊಂಡು "ಪರ್ಮಿಶನ್ ಡಿನೈಡ್ ಅಂತದ್ರಿ, ಮತ್ತ ಕೆಡ್ತೇನ್ರಿ?" ಎಂದ. ಸಾಹೇಬರು ಅವನ ಬೆನ್ನು ತಟ್ಟಿ "ಶಾಭಾಶ್" ಅಂದು ಬಾಯಿಗೆ ಪೇಢೆ ಇಟ್ಟರು. ಯಾಕೆಂದು ಅವನಿಗೆ ಇವತ್ತಿಗೂ ತಿಳಿದಿಲ್ಲ. ಬೆಳಗಿನಿಂದ ಕಾಡಿದ್ದ ಆ ಎರಡು ಪದ ನನಗೆ ಆಗ ಮಂಗಳಾರತಿಯ ಗಂಟೆ ಕೇಳಿದಷ್ಟು ಹಿತವಾದವು.

ಸಂಜೆ ಅವರು ಬಾಗಿಲಲ್ಲಿ ನಿಂತು "ಇಜಾಜತ್?" ಅಂದರು. ನನಗೆ ತಮಾಷೆ ಮಾಡಲು ಆಗಲಿಲ್ಲ. ಅಳು ಬಂತು. ನನ್ನ ಕಾಯಿಲೆಯ ಮಾತು ಅವರಿಗೆ ನಾನು ಹೇಳಿರಲಿಲ್ಲ, ದಿನವೆಲ್ಲ ನನ್ನ ಗಾಬರಿ ನೋಡಿ ಊಹಿಸಿರಬೇಕು. ಅವರು ಚೀಲ ಕೆಳಗಿಡದೆ, ನನ್ನ ಮುಖ ನೋಡದೆ, ಹಳೆಯ ಮಷೀನಿನ ಕಡೆ ನೋಡುತ್ತ ಹೇಳಿದರು: "ಹೇಳೋದಿದ್ರ ಹೇಳು, ಬಿಡೋದಿದ್ರ ಬಿಡು. ಯಾರಿಗೆ, ಯಾವಾಗ, ಅದರ ಇಜಾಜತ್ ನಿಂದು. ಮಷೀನಿಂದಲ್ಲ, ಶರಣಪ್ಪಂದಲ್ಲ, ನಂದೂ ಅಲ್ಲ." ಇಷ್ಟು ಹೇಳಿ, ನಾನು ಮೂಗು ಒರೆಸಿಕೊಂಡು "ಹೋಗಿ ಬರ್ರಿ" ಅನ್ನುವವರೆಗೆ ಕಾದು ಹೋದರು.

ಕನ್ನಡಕ ನಿಜಕ್ಕೂ ಮಬ್ಬಾಗಿತ್ತೇ ಎಂದು ಅವರನ್ನು ನಾನು ಎಂದೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಆ ವಾರವೇ ಹುಡುಗನನ್ನು ಶಹಾಬಾದ್ ಸ್ಟೇಷನ್ನಿಗೆ ಬರಹೇಳಿ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಎಲ್ಲಿಂದ ಶುರು ಮಾಡಬೇಕು ಎಂಬ ಚಿಂತೆಯೇ ಇರಲಿಲ್ಲ, ತಾನಾಗಿ ಬಂತು. ಅವರು ಪೂರಾ ಕೇಳಿದರು.

"ಗುಳಿಗಿ ಎಲ್ಲಾ ನುಂಗಿ ಮುಗಿಸೀರಿ ಇಲ್ಲೋ?"

"ಮುಗಿಸೀನ್ರಿ."

"ಮತ್ತ ಯಾಕ ಅಂಜ್ತೀರಿ? ನಾನು ಕಂಬದ ಮ್ಯಾಲಿಂದ ಬಿದ್ದಿದ್ದೆ, ಬೆನ್ನಾಗ ರಾಡ್ ಹಾಕ್ಯಾರ. ನಿಮ್ಮ ಮಂದಿಗೆ ಹ್ಯಾಂಗ ಹೇಳಬೇಕಂತ ನಾನೇ ನಿದ್ದಿಗೆಟ್ಟು ಕುಂತೀನಿ."

ನಾವಿಬ್ಬರೂ ನಕ್ಕಿದ್ದು ನೋಡಿ ಪಕ್ಕದ ಬೆಂಚಿನ ಮುದುಕಿ ತಾನೂ ನಕ್ಕಳು. ಶರಣಪ್ಪ ಎರಡೂ ಮನೆಗೆ ಬೇಕಾದವನು; ಆ ರಾಡಿನ ಸುದ್ದಿ ಅವನ ಬಾಯಿಂದ ಹೇಗೆ ತಪ್ಪಿಸಿಕೊಂಡಿತ್ತೋ ದೇವರಿಗೇ ಗೊತ್ತು. ನಮ್ಮ ಮಾತು ನಾವೇ ಆಡಿಕೊಂಡಿದ್ದರಿಂದ ಹಿರಿಯರಿಗೆ ಮುರಿಯಲು ಏನೂ ಉಳಿಯಲಿಲ್ಲ. ಚಿತ್ತಾಪುರದಲ್ಲಿ ಮದುವೆಯಾಯಿತು. ಸಾಹೇಬರು ಬಂದು, ಉಂಡು, ವೇದಿಕೆ ಹತ್ತಿ ಎದೆಯ ಮೇಲೆ ಕೈ ಇಟ್ಟು "ಇಜಾಜತ್?" ಅಂದರು. ಬಾಸಿಂಗ ಕಟ್ಟಿಕೊಂಡೇ "ಕೊಡಂಗಿಲ್ರಿ, ಕುಂದ್ರಿ" ಅಂದೆ. ನಮ್ಮತ್ತೆ ಗಾಬರಿಯಾದರು.

ಅವರಿಗೆ ನಿವೃತ್ತಿಯ ವಯಸ್ಸಾದರೂ ಆಸ್ಪತ್ರೆಯವರು ಬಿಡಲಿಲ್ಲ, ಅವರೂ ಬಿಟ್ಟಿರಲಿಲ್ಲ. ಈ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡಿತು. ನಮ್ಮ ಆಸ್ಪತ್ರೆಯಲ್ಲೇ ಮಲಗಿಸಿದರು. ಕೆಲಸ ಮುಗಿಸಿ ನಾನು ದಿನಾ ವಾರ್ಡಿಗೆ ಹೋಗುತ್ತಿದ್ದೆ. ಒಂದು ಸಂಜೆ, ಹೊರಡಲು ಎದ್ದವಳು ನಾನು, ಕೇಳಿದವರು ಅವರು.

"ಇಜಾಜತ್?"

ಕೈ ಎದೆಯವರೆಗೆ ಏರಲಿಲ್ಲ, ಹಾಸಿಗೆಯ ಮೇಲೆಯೇ ಇತ್ತು. ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಹೇಳಿದೆ: "ಕೊಡಂಗಿಲ್ರಿ, ಕುಂದ್ರಿ."

"ಕುಂದರ್ಲಿಕ್ಕಿ ಆಗವಲ್ದು ಬೇಟಾ. ಮಲಕೊಂಡಿರ್ತೀನಿ."

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮುಗಿದಿತ್ತು. ನನ್ನ ಹೂಂಗೆ ಕಾಯದೆ ಅವರು ಬಾಗಿಲು ದಾಟಿದ್ದು ಅದೊಂದೇ ಸಲ.

ಹೋದ ವಾರ ಮ್ಯಾನೇಜರ್ ಬಂದು, ಸಾಹೇಬರ ಲಾಗಿನ್ ತೆಗೆದುಹಾಕಿ ಎಂದರು. ನಿಯಮ ಅದು, ತಪ್ಪಲ್ಲ. ನಾನು ಕೂತೆ. ಚಾವಿ ಈಗ ನನ್ನ ಕೈಯಲ್ಲಿದೆ. ಲಾಗಿನ್ ತೆಗೆದರೆ ಅವರು ಬರೆದಿಟ್ಟ ಕಡತಗಳೆಲ್ಲ ಉಳಿಯುತ್ತವೆ, ಯಜಮಾನನ ಹೆಸರು ಮಾತ್ರ ಹೋಗಿ ಅಲ್ಲೊಂದು ನಂಬರ್ ನಿಲ್ಲುತ್ತದೆ. ಮುಂದೆ ಯಾರೋ ಹೊಸಬರು ಸೇರುತ್ತಾರೆ, ಆ ನಂಬರ್ ಖಾಲಿ ಇದೆಯೆಂದು ಅವರಿಗೆ ಸಿಗುತ್ತದೆ, ಸಾಹೇಬರ ಗಂಟು ಅವರದಾಗುತ್ತದೆ. ಒಮ್ಮೆ ನನ್ನ ಗಂಟು ಹಾಗೆ ಪರರ ಪಾಲಾಗುವುದನ್ನು ಹಿಡಿದು ನಿಲ್ಲಿಸಿದವರು ಅವರು.

ಯಾರೂ ಒಳಗೆ ಬರದಂತೆ ಆ ಲಾಗಿನ್ನಿಗೆ ಬೀಗ ಹಾಕಿದೆ. ಹೆಸರು ತೆಗೆಯಲಿಲ್ಲ. ಮ್ಯಾನೇಜರ್ "ತೆಗದ್ರೇನು?" ಎಂದು ಕೇಳಿದಾಗ "ಬೀಗ ಹಾಕೀನ್ರಿ" ಅಂದೆ. ಅವರಿಗೆ ಅಷ್ಟು ಸಾಕಾಯಿತು.

ಈಗ ಪಟ್ಟಿ ತೆಗೆದಾಗಲೆಲ್ಲ ಸಾಲು ಸಾಲಿನಲ್ಲೂ ಅವರ ಹೆಸರು ಬರುತ್ತದೆ. ಸಂಜೆ ಪರದೆ ಆರಿಸುವ ಮುನ್ನ ಒಮ್ಮೆ ಅದನ್ನು ನೋಡುತ್ತೇನೆ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ ಬಾಯಿಬಿಟ್ಟೇ ಹೇಳುತ್ತೇನೆ.

ಕೊಡಂಗಿಲ್ರಿ ಸಾಹೇಬ್ರ. ಕುಂದ್ರಿ.